ಗಾಲಿಯ ರೋಗನಿದಾನ

ನಮ್ಮ ಹಿರಿಯರ ಕಾಲದಲ್ಲಿ ಮನೆಯ ಮುಂದೆ ಎತ್ತಿನ ಗಾಡಿಯೊಂದು ನಿಂತಿತ್ತೆಂದರೆ ಕೊಟ್ಟಿಗೆಯ ಗೂಟದಲ್ಲಿ ಕೀಲೆಣ್ಣೆಯ ಬಿದಿರುಗೊಟ್ಟವೊಂದು ತೂಗುತ್ತಿರಲೇಬೇಕು. ದೂರದ ಊರಿಗೆ ಹೊರಡುವ ಮುನ್ನ ಗಾಡಿ ಹೊಡೆಯುವವನು ಕಡಾಣಿಯನ್ನು ಕಿತ್ತು, ಗಾಲಿಯನ್ನು ಹೊರಕ್ಕೆ ಸರಿಸಿ, ಅಚ್ಚಿನ ತುದಿಗೆ ಆ ಕಪ್ಪನೆಯ ಎಣ್ಣೆಯನ್ನು ಬಳಿಯದೆ ಎತ್ತುಗಳಿಗೆ ನೊಗ ಹೂಡುತ್ತಿರಲಿಲ್ಲ. ಗಾಲಿಯು ಕಿರುಗುಟ್ಟಿಕೊಂಡು ಊರೊಳಗೆ ಹೋದರೆ ಯಜಮಾನನ ಅಲಕ್ಷ್ಯವನ್ನು ಡಂಗುರ ಹೊಡೆದು ಸಾರಿದಂತಾಗುತ್ತಿತ್ತು. ಈಗ ಗಾಡಿಯ ಸ್ಥಾನದಲ್ಲಿ ಕಾರು ಬಂದು ನಿಂತಿದೆ. ಕಾರಿನ ಗಾಲಿಗೆ ಯಾರೂ ಎಣ್ಣೆ ಬಳಿಯಬೇಕಾಗಿಲ್ಲ. ಗಾಲಿಯ ನಾಭಿಯಲ್ಲಿರುವ ಬೇರಿಂಗು ತನಗೆ ಬೇಕಾದ ಗ್ರೀಸನ್ನು ಹುಟ್ಟಿನಿಂದಲೇ ತನ್ನೊಳಗೆ ತುಂಬಿಕೊಂಡು, ಎರಡು ಕಡೆಯೂ ಬಾಯಿ ಮುಚ್ಚಿಕೊಂಡು ಬರುವುದು. ಇದರಿಂದ ನಮಗೆ ಸೌಕರ್ಯವು ಹೆಚ್ಚಿತು. ಅದರ ಜತೆಯಲ್ಲಿಯೇ ಗಾಲಿಯ ಕೂಗನ್ನು ಕೇಳುವ ಕಿವಿಯು ಮಂದವಾಯಿತು.

ಪ್ರೌಢಶಾಲೆಯಲ್ಲಿ ಮೂವತ್ತೆರಡು ವರ್ಷ ಸಂಸ್ಕೃತ ಪಾಠ ಹೇಳಿ ವಿಶ್ರಾಂತನಾದ ನನಗೆ ಯಂತ್ರವಿದ್ಯೆಯಲ್ಲಿ ಅಧಿಕಾರವಿಲ್ಲವೆಂಬುದನ್ನು ಮೊದಲೇ ಒಪ್ಪಿಕೊಳ್ಳುತ್ತೇನೆ. ಆದರೆ ನಮ್ಮ ಮನೆಯ ಕಾರಿನಲ್ಲಿ ಎಡಗಡೆಯ ಮುಂದಿನ ಗಾಲಿಯ ಬೇರಿಂಗು 2022ನೆಯ ಅಕ್ಟೋಬರಿನಿಂದ 2023ನೆಯ ಡಿಸೆಂಬರಿನವರೆಗೆ ನಾಲ್ಕು ಸಲ ಕೆಟ್ಟಿತು. ಕೆಟ್ಟಾಗಲೆಲ್ಲ ಹೊಸದನ್ನು ಹಾಕಿಸಿದೆವು. ಹಾಕಿಸಿದ ಹೊಸದೆಲ್ಲ ತನ್ನ ಹಿಂದಿನದಕ್ಕಿಂತ ಬೇಗನೆ ಕೆಟ್ಟಿತು. ಇದರ ಕಾರಣವನ್ನು ಹುಡುಕುವ ಕೆಲಸದಲ್ಲಿ ನಾನು ಮಾಡಿದ ತಪ್ಪುಗಳೇ ಹೆಚ್ಚು. ಅವುಗಳ ಫಲವಾಗಿ ಸೊಸೆಗೂ ಮೊಮ್ಮಗನಿಗೂ ಪ್ರಾಣಾಪಾಯವೇ ಒದಗುವುದರಲ್ಲಿದ್ದಿತು. ಕಾರನ್ನಿಟ್ಟುಕೊಂಡಿರುವ ಗೃಹಸ್ಥರಿಗೆ ಉಪಯೋಗವಾದೀತೆಂಬ ಆಸೆಯಿಂದ ನಾಚಿಕೆಯನ್ನು ಬದಿಗಿಟ್ಟು ಈ ವೃತ್ತಾಂತವನ್ನು ಬರೆಯುತ್ತಿದ್ದೇನೆ.

ಬೇರಿಂಗೆಂದರೇನೆಂಬುದನ್ನು ಮೊದಲು ಹೇಳಬೇಕು. ಒಂದರೊಳಗೊಂದು ಕೂರುವ ಎರಡು ಉಕ್ಕಿನ ಬಳೆಗಳು. ಅವುಗಳ ನಡುವೆ ಕಾಲುವೆಯಂತೆ ಕೊರೆದ ದಾರಿಯಲ್ಲಿ ಉರುಳುವ ಉಕ್ಕಿನ ಗುಂಡುಗಳು. ಗುಂಡುಗಳು ಒಂದಕ್ಕೊಂದು ತಾಗದಂತೆ ಹಿಡಿದಿರುವ ಪಂಜರ. ಮಣ್ಣುನೀರು ಒಳಹೋಗದಂತೆ ಎರಡು ಪಕ್ಕಗಳಲ್ಲಿಯೂ ರಬ್ಬರಿನ ಮುಚ್ಚಳ. ಇಷ್ಟೇ ಅದರ ಸ್ವರೂಪ. ನಮ್ಮದರಂತಹ ಸಣ್ಣ ಕಾರಿನ ಮುಂದಿನ ಗಾಲಿಯಲ್ಲಿ ಗುಂಡುಗಳು ಎರಡು ಸಾಲಾಗಿರುವುವು. ಒಳಬಳೆಯು ಗಾಲಿಯೊಡನೆ ತಿರುಗುವುದು, ಹೊರಬಳೆಯು ತಿರುಗಕೂಡದು. ಹೊರಬಳೆಯನ್ನು ಅಲುಗದಂತೆ ಕಚ್ಚಿ ಹಿಡಿಯುವ ದಪ್ಪನಾದ ಲೋಹದ ಭಾಗವೊಂದು ಗಾಲಿಯ ಹಿಂಬದಿಯಲ್ಲಿರುವುದು. ಸ್ಟಿಯರಿಂಗನ್ನು ತಿರುಗಿಸಿದಾಗ ಗಾಲಿಯನ್ನು ಹೊತ್ತುಕೊಂಡು ಹೊರಳುವುದೂ ಇದೇ. ಮೆಕ್ಯಾನಿಕ್ಕುಗಳು ಇದನ್ನು ‘ನಕಲ್’ ಎಂದು ಕರೆಯುವರು. ವಾಚಕರು ಈ ಶಬ್ದವನ್ನು ನೆನಪಿನಲ್ಲಿಟ್ಟುಕೊಳ್ಳಬೇಕೆಂದು ಪ್ರಾರ್ಥನೆ. ಮುಂದೆ ಆದ ಅನರ್ಥದಲ್ಲಿ ಈ ಶಬ್ದದ ಪಾಲು ದೊಡ್ಡದು.

ಗಾಲಿಯ ನಾಭಿಯು ಕಾಯ್ದು ಸವೆಯುವುದು ಹೊಸ ಸಂಗತಿಯಲ್ಲ. ಋಗ್ವೇದದ ಮೊದಲನೆಯ ಮಂಡಲದ 164ನೆಯ ಸೂಕ್ತದಲ್ಲಿ ಕಾಲಚಕ್ರವನ್ನು ವರ್ಣಿಸುವ ಋಷಿಯು, ಅಷ್ಟು ಭಾರವನ್ನು ಹೊತ್ತಿದ್ದರೂ ಅದರ ಅಕ್ಷವು ಬಿಸಿಯಾಗದೆಂಬುದನ್ನು ಎತ್ತಿ ಹೇಳಿರುವನು. ಮನುಷ್ಯರ ರಥಗಳ ಅಕ್ಷವು ಬಿಸಿಯಾಗಿ ಮುರಿಯುವುದನ್ನು ಕಣ್ಣಾರೆ ಕಂಡವನಲ್ಲದೆ ಬೇರೊಬ್ಬನಿಗೆ ಈ ಮಾತು ಹೊಳೆಯಲಾರದು. ಇತ್ತ ವೇಲ್ಸ್ ಪ್ರಾಂತದ ಫಿಲಿಪ್ ವಾನ್ ಎಂಬಾತನು 1794ರಲ್ಲಿ ಗಾಡಿಯ ಅಚ್ಚಿಗೆ ಗುಂಡುಗಳನ್ನು ಅಳವಡಿಸುವ ಉಪಾಯಕ್ಕೆ ಪೇಟೆಂಟು ಪಡೆದನು. ಅಮೆರಿಕದಲ್ಲಿ ಗಾಡಿಗಳನ್ನು ತಯಾರಿಸುತ್ತಿದ್ದ ಹೆನ್ರಿ ಟಿಮ್ಕೆನ್ 1898ರಲ್ಲಿ, ಒಂದು ತುದಿಗೆ ಸಣ್ಣದಾಗುತ್ತ ಹೋಗುವ ಉರುಳೆಗಳನ್ನು ಬಳಸಿ, ತಿರುವುಗಳಲ್ಲಿ ಪಕ್ಕದಿಂದ ಬೀಳುವ ಒತ್ತಡವನ್ನೂ ಗಾಲಿಯು ತಾಳುವಂತೆ ಮಾಡಿದನು. ಪೀಠಿಕೆ ಇಷ್ಟು ಸಾಕು.

ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ನನ್ನ ಮಗನು 2019ರಲ್ಲಿ, ಬೇರೊಬ್ಬರು ಬಳಸಿದ ಈ ಕಾರನ್ನು ಕೊಂಡು ತೀರ್ಥಹಳ್ಳಿಯ ಮನೆಯಲ್ಲಿ ಬಿಟ್ಟನು. ಸೊಸೆಯು 22 ಕಿಲೋಮೀಟರು ದೂರದ ಶಾಲೆಯೊಂದರಲ್ಲಿ ಉಪಾಧ್ಯಾಯಿನಿ. ಮೊಮ್ಮಗನೂ ಅದೇ ಶಾಲೆಯಲ್ಲಿ ಓದುವವನು. ಇಬ್ಬರೂ ಬೆಳಗ್ಗೆ ಹೋಗಿ ಸಂಜೆಗೆ ಬರುವರು. 2022ರ ಆಷಾಢದ ಮಳೆಯಲ್ಲಿ ಒಂದು ಸಂಜೆ ಸೊಸೆಯು ಬಂದವಳೇ, “ಮಾವ, ಎಡಗಡೆ ಮುಂದಿನ ಚಕ್ರದಲ್ಲಿ ಏನೋ ಗುಂಯ್ ಅನ್ನುತ್ತಿದೆ. ಬಲಕ್ಕೆ ತಿರುಗಿಸಿದರೆ ಜೋರಾಗುತ್ತದೆ, ಎಡಕ್ಕೆ ತಿರುಗಿಸಿದರೆ ಅಡಗುತ್ತದೆ” ಎಂದಳು. ನಾನು ಪತ್ರಿಕೆಯಿಂದ ಕಣ್ಣೆತ್ತದೆಯೇ, “ಮಳೆಯಲ್ಲಿ ರಸ್ತೆ ಕಿತ್ತುಹೋಗಿದೆಯಮ್ಮ, ಟೈರಿನ ಸದ್ದು. ನವರಾತ್ರಿ ಕಳೆಯಲಿ, ತೋರಿಸೋಣ” ಎಂದುಬಿಟ್ಟೆನು. ಆ ತಿಂಗಳು ಮನೆಯ ಹಂಚು ಕೈಯಾಡಿಸಬೇಕಾಗಿತ್ತು. ಹಣವನ್ನು ಉಳಿಸುವ ಯೋಚನೆಯೇ ಮನಸ್ಸಿನಲ್ಲಿ ಮುಂದಾಗಿತ್ತು.

ಅವಳ ಆ ಒಂದು ಮಾತಿನಲ್ಲಿ ರೋಗಲಕ್ಷಣವೆಲ್ಲವೂ ಅಡಗಿತ್ತೆಂಬುದು ನನಗೆ ತಿಳಿದುದು ಒಂದೂವರೆ ವರ್ಷದ ಮೇಲೆ. ಕಾರು ಬಲಕ್ಕೆ ತಿರುಗುವಾಗ ಅದರ ಭಾರವೆಲ್ಲ ಎಡಗಡೆಗೆ ವಾಲುವುದು. ಆಗ ಎಡಗಾಲಿಯ ಬೇರಿಂಗು ಕೆಟ್ಟಿದ್ದರೆ ಅದರ ಗುಂಯ್ಕಾರವು ಹೆಚ್ಚುವುದು. ಎಡಕ್ಕೆ ತಿರುಗಿದಾಗ ಭಾರವು ಬಲಕ್ಕೆ ಹೋಗುವುದರಿಂದ ಸದ್ದು ತಗ್ಗುವುದು. ಟೈರಿನ ಸದ್ದಾದರೆ ತಿರುವಿನಲ್ಲಿ ಹೀಗೆ ಏರಿಳಿಯುವುದು ಅಪರೂಪ. ರಸ್ತೆಯ ಮೈ ಬದಲಾದಾಗ ಅದು ಬದಲಾಗುವುದು. ನಮ್ಮ ವೈದ್ಯಶಾಸ್ತ್ರದಲ್ಲಿ ರೋಗವನ್ನು ಅರಿಯಲು ನಿದಾನ, ಪೂರ್ವರೂಪ, ರೂಪ, ಉಪಶಯ, ಸಂಪ್ರಾಪ್ತಿಗಳೆಂಬ ಐದು ಸಾಧನಗಳನ್ನು ಹೇಳಿದ್ದಾರೆ. ಈ ಗುಂಯ್ಕಾರವು ಪೂರ್ವರೂಪ. ಪೂರ್ವರೂಪದಲ್ಲಿಯೇ ಎಚ್ಚೆತ್ತವನಿಗೆ ಚಿಕಿತ್ಸೆ ಸುಲಭವೆಂದು ಎಷ್ಟೋ ಮಕ್ಕಳಿಗೆ ಬಾಯಿಪಾಠ ಮಾಡಿಸಿದ ನಾನೇ ಮೂರು ತಿಂಗಳಿಗೂ ಮೇಲ್ಪಟ್ಟು ಅದನ್ನು ಕೇಳಿಸಿಕೊಳ್ಳದೆ ಕುಳಿತೆನು.

ಅಕ್ಟೋಬರಿನಲ್ಲಿ ಕಾರನ್ನು ಊರಿನ ಗ್ಯಾರೇಜಿಗೆ ಕಳುಹಿಸಿದೆವು. ಅದರ ಒಡೆಯನು ನನ್ನ ಹಳೆಯ ಶಿಷ್ಯ. ಸಂಸ್ಕೃತದಲ್ಲಿ ಮೂವತ್ತೈದು ಅಂಕಗಳನ್ನು ದಾಟಲು ಅವನು ಪಟ್ಟ ಪಾಡು ನನಗೆ ಗೊತ್ತು. ಕೈಗೆಲಸದಲ್ಲಿ ಮಾತ್ರ ಅವನಂತಹ ಹುಡುಗನನ್ನು ನಾನು ಕಂಡಿಲ್ಲ. ಹುಟ್ಟಿನಿಂದ ಇದ್ದ ಬೇರಿಂಗು 78,000 ಕಿಲೋಮೀಟರು ಓಡಿ ಕೆಟ್ಟಿತ್ತು. ವಯಸ್ಸಾಗಿ ಸತ್ತಿತೆಂದು ತಿಳಿದು ಹೊಸದನ್ನು ಹಾಕಿದನು. ಅದು 8,000 ಕಿಲೋಮೀಟರಿಗೆ, ಅಂದರೆ 2023ರ ಜೂನಿನಲ್ಲಿ, ಮತ್ತೆ ಕೂಗತೊಡಗಿತು. ಎರಡನೆಯ ಸಲ ಹಾಕಿದಾಗ ಅವನು, “ಈ ಸಲ ಎರಡೇ ಪೆಟ್ಟಿಗೆ ಕೂತುಬಿಟ್ಟಿತು ಮೇಷ್ಟ್ರೇ, ಪ್ರೆಸ್ಸಿಗೆ ಒಯ್ಯುವ ಕಷ್ಟವೇ ಬರಲಿಲ್ಲ” ಎಂದನು. ಕೆಲಸವು ಸುಲಭವಾಯಿತೆಂದು ನಾನೂ ಸಂತೋಷಪಟ್ಟೆನು. ಅದು 4,000 ಕಿಲೋಮೀಟರಿಗೆ ಕೆಟ್ಟಿತು.

ಆಗ ಬಂದವರೆಲ್ಲ ಒಂದೊಂದು ಕಾರಣವನ್ನು ಹೇಳಿದರು. ಮಳೆನೀರು ಒಳಹೊಕ್ಕಿದೆಯೆಂದು ಪಕ್ಕದ ಮನೆಯವರು; ರಸ್ತೆಯ ಗುಂಡಿಗಳೆಂದು ಹಾಲಿನವನು; ಸೊಸೆಯ ಓಡಿಸುವ ವೇಗವೆಂದು, ಕಾರನ್ನೇ ಓಡಿಸಲರಿಯದ ನನ್ನ ಷಡ್ಡಕರು. ಕುರುಡರು ಆನೆಯನ್ನು ತಡವಿದ ನ್ಯಾಯಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆಯನ್ನು ತರಗತಿಯಲ್ಲಿ ನಾನೆಂದೂ ಕೊಟ್ಟಿರಲಿಲ್ಲ. ಇಷ್ಟರಲ್ಲಿ ಶಿಷ್ಯನು ದೂರವಾಣಿಯಲ್ಲಿ, “ಮೇಷ್ಟ್ರೇ, ಬೇರಿಂಗಿನದಲ್ಲ, ನಕಲ್ ತೊಂದರೆ ಇದ್ದ ಹಾಗೆ ಕಾಣುತ್ತದೆ” ಎಂದನು. ಆ ಶಬ್ದವನ್ನೇ ಕೇಳರಿಯದ ನನ್ನ ಕಿವಿಗೆ ಅದು ‘ನಕಲಿ’ ಎಂದು ಬಿದ್ದಿತು. ಹೆಸರಾಂತ ಬೇರಿಂಗುಗಳ ಹುಸಿಮಾಲು ಪೇಟೆಯಲ್ಲಿ ಉಂಟೆಂಬುದು ನಿಜವೇ. ಪೆಟ್ಟಿಗೆಯೂ ಮುದ್ರೆಯೂ ಅಸಲಿನಂತೆಯೇ ಇದ್ದು ಒಳಗಿನ ಉಕ್ಕು ಮಾತ್ರ ಕೀಳಾಗಿರುವುದು. ಅದನ್ನು ಎಲ್ಲಿಯೋ ಓದಿದ್ದ ನನಗೆ ಇನ್ನಾವ ಪ್ರಮಾಣವೂ ಬೇಕಾಗಲಿಲ್ಲ. ನೆಟ್ಟನೆ ಬಿಡಿಭಾಗದ ಅಂಗಡಿಗೆ ಹೋಗಿ, ನಾಲ್ಕು ಜನ ಗಿರಾಕಿಗಳ ಎದುರಿನಲ್ಲಿ, ನಕಲಿ ಮಾಲನ್ನು ಮಾರುವುದು ಯಾವ ಧರ್ಮವೆಂದು ಅಂಗಡಿಯವರನ್ನು ಕೇಳಿದೆನು. ಆತನು ಮಾತನಾಡದೆ ಖರೀದಿಯ ಬಿಲ್ಲನ್ನೂ ಪೆಟ್ಟಿಗೆಯನ್ನೂ ತಂದು ಮುಂದಿಟ್ಟನು. ಅವನ ಮುಖವು ಕೆಂಪಾದುದನ್ನು ನಾನು ಅಪರಾಧದ ಚಿಹ್ನೆಯೆಂದೇ ತಿಳಿದೆನು.

ಮಾರನೆಯ ದಿನ ಶಿವಮೊಗ್ಗಕ್ಕೆ ಹೋಗಿ ಬೇರೊಂದು ತಯಾರಿಕೆಯ ಬೇರಿಂಗನ್ನು ಹೆಚ್ಚಿನ ಬೆಲೆಗೆ ತಂದು ಶಿಷ್ಯನ ಕೈಗಿಟ್ಟು, “ಇದು ಅಸಲು, ಇನ್ನು ಮಾತಿಲ್ಲದೆ ಹಾಕು” ಎಂದೆನು. ಅವನು ಏನನ್ನೋ ಹೇಳಲು ಬಾಯಿ ತೆರೆದು, ಮುಚ್ಚಿಕೊಂಡನು. ಮೇಷ್ಟ್ರು ಹೇಳಿದ ಮೇಲೆ ಎದುರಾಡಬಾರದೆಂಬ ಪಾಠವನ್ನು ಅವನಿಗೆ ಕಲಿಸಿದವನೂ ನಾನೇ ಅಲ್ಲವೇ.

ಈ ಮೂರನೆಯ ಬೇರಿಂಗು 1,500 ಕಿಲೋಮೀಟರು ಮಾತ್ರ ಬಾಳಿತು. ಡಿಸೆಂಬರಿನ ಒಂದು ಸಂಜೆ, ಹಳ್ಳದ ಸೇತುವೆಗೆ ಇಳಿಯುವ ಓರೆಯಲ್ಲಿ ಎದುರಿಗೆ ಅಡಕೆಯ ಲಾರಿಯೊಂದು ಬರುತ್ತಿರಲು, ಸೊಸೆಯು ಬ್ರೇಕನ್ನು ತುಳಿದಳು. ಪೆಡಲು ಹಿಡಿಯದೆ ಕೆಳಕ್ಕೆ ಇಳಿದುಹೋಯಿತು. ಗಾಬರಿಯಲ್ಲಿ ಮತ್ತೊಮ್ಮೆ ತುಳಿದಾಗ ಹಿಡಿಯಿತು. ಕಾರು ಸೇತುವೆಯ ಕಟ್ಟೆಗೆ ಒಂದು ಮೊಳ ದೂರದಲ್ಲಿ ನಿಂತಿತು. ಹಿಂದಿನ ಆಸನದಲ್ಲಿ ಮಲಗಿ ನಿದ್ರಿಸುತ್ತಿದ್ದ ಹುಡುಗನು ಕೆಳಕ್ಕುರುಳಿ ಹಣೆಗೆ ಏಟು ಮಾಡಿಕೊಂಡನು. ಮನೆಗೆ ಬಂದ ಸೊಸೆಯು ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಕಾರಿನ ಬೀಗದ ಕೈಯನ್ನು ನನ್ನ ಮೇಜಿನ ಮೇಲಿಟ್ಟು ಒಳಕ್ಕೆ ಹೋದಳು. ಬೇರಿಂಗು ಸಡಿಲವಾದಾಗ ಗಾಲಿಯೊಡನೆ ಬ್ರೇಕಿನ ತಟ್ಟೆಯೂ ಹೊಯ್ದಾಡುವುದು. ಆ ಹೊಯ್ದಾಟಕ್ಕೆ ಬ್ರೇಕಿನ ಪ್ಯಾಡುಗಳು ಹಿಂದಕ್ಕೆ ತಳ್ಳಲ್ಪಟ್ಟು, ಮೊದಲನೆಯ ತುಳಿತವು ಅವುಗಳನ್ನು ಸ್ವಸ್ಥಾನಕ್ಕೆ ತರುವುದರಲ್ಲಿಯೇ ವ್ಯರ್ಥವಾಗುವುದು. ಬೇರಿಂಗಿನ ರೋಗವು ಬರಿಯ ಸದ್ದಿನ ಕಿರುಕುಳವೆಂದು ತಿಳಿದಿದ್ದ ನನಗೆ ಆ ರಾತ್ರಿ ನಿದ್ರೆ ಬರಲಿಲ್ಲ.

ಹಳೆಯ ವಸ್ತುವನ್ನು ಎಸೆಯದಿರುವುದು ನನ್ನ ದುರಭ್ಯಾಸಗಳಲ್ಲೊಂದು. ಕೆಟ್ಟ ಬೇರಿಂಗುಗಳನ್ನೆಲ್ಲ ಬಿಸ್ಕತ್ತಿನ ಡಬ್ಬಿಯಲ್ಲಿ ಇಟ್ಟಿದ್ದೆನು. ಹೊಸದಾಗಿ ಕೆಟ್ಟುದನ್ನೂ ಬಿಚ್ಚಿಸಿ ಅದರೊಳಗೆ ಸೇರಿಸಿಕೊಂಡು, ಶಿಷ್ಯನನ್ನೂ ಕರೆದುಕೊಂಡು ಶಿವಮೊಗ್ಗದಲ್ಲಿ ಲೇತು ಇಟ್ಟಿರುವ ವೃದ್ಧರೊಬ್ಬರ ಬಳಿಗೆ ಹೋದೆನು. ಎಪ್ಪತ್ತು ದಾಟಿದವರು, ಬೆರಳುಗಳಲ್ಲಿ ಕಬ್ಬಿಣದ ಕಪ್ಪು ಇಳಿದುಹೋಗಿದೆ. ಅವರು ಬೇರಿಂಗುಗಳ ಒಳಭಾಗವನ್ನು ನೋಡಲೇ ಇಲ್ಲ. ಹೊರಬಳೆಯ ಹೊರಮೈಯನ್ನು ಬೆಳಕಿಗೆ ಹಿಡಿದು ತಿರುಗಿಸಿದರು. ಅದು ಕೆಲವೆಡೆ ಕನ್ನಡಿಯಂತೆ ಹೊಳೆಯುತ್ತಿತ್ತು. ಕೆಲವೆಡೆ ಕಾವಿಯ ಬಣ್ಣದ ನುಣ್ಣನೆಯ ಪುಡಿಯು ಅಂಟಿಕೊಂಡಿತ್ತು. “ಸ್ವಾಮಿ, ಸತ್ತವರನ್ನು ಡಬ್ಬಿಯಲ್ಲಿ ತಂದಿದ್ದೀರಿ, ಅವರು ವಾಸವಾಗಿದ್ದ ಮನೆಯನ್ನು ತರಲಿಲ್ಲವಲ್ಲ” ಎಂದರು. ಶಿಷ್ಯನು ತಲೆ ತಗ್ಗಿಸಿ, “ನಕಲ್ ಬಿಚ್ಚಿ ತಂದಿದ್ದೇನೆ, ಗಾಡಿಯಲ್ಲಿದೆ” ಎಂದನು. ನಕಲ್ ಎಂಬುದು ಒಂದು ವಸ್ತುವೆಂಬುದನ್ನು ನಾನು ತಿಳಿದುದು ಆ ಕ್ಷಣದಲ್ಲಿ.

ವೃದ್ಧರ ಆ ಮಾತು ಬೇರಿಂಗುಗಳ ಇತಿಹಾಸದ ಪ್ರಸಿದ್ಧ ಪ್ರಸಂಗವೊಂದಕ್ಕೆ ತೀರ ಹತ್ತಿರವಾದುದೆಂದು ಆಮೇಲೆ ಓದಿ ತಿಳಿದೆನು. ಸ್ವೀಡನ್ ದೇಶದ ಗೋಥೆನ್‌ಬರ್ಗ್ ಪಟ್ಟಣದ ಬಟ್ಟೆಯ ಗಿರಣಿಯೊಂದರಲ್ಲಿ ಸ್ವೆನ್ ವಿಂಗ್‌ಕ್ವಿಸ್ಟ್ ಎಂಬ ಯಂತ್ರಪಾಲಕನಿದ್ದನು. ಅಲ್ಲಿಯ ಉದ್ದವಾದ ತಿರುಗುದಂಡಗಳ ಬೇರಿಂಗುಗಳು ಮೇಲಿಂದ ಮೇಲೆ ಕೆಡುತ್ತಿದ್ದುವು. ಬೇರಿಂಗಿನಲ್ಲಿ ದೋಷವಿರಲಿಲ್ಲ, ಗಿರಣಿಯು ಜೇಡಿಮಣ್ಣಿನ ನೆಲದ ಮೇಲೆ ನಿಂತಿತ್ತು. ನೆಲವು ಸರಿದಂತೆಲ್ಲ ಕಟ್ಟಡವು ಅಲುಗಿ, ದಂಡಗಳು ಸೊಟ್ಟಗಾಗಿ, ಬೇರಿಂಗುಗಳು ಓರೆಯಾಗಿ ತಿರುಗಿ ಸಾಯುತ್ತಿದ್ದುವು. ನೆಲವನ್ನು ಬದಲಿಸಲಾರದ ವಿಂಗ್‌ಕ್ವಿಸ್ಟನು 1907ರಲ್ಲಿ, ದಂಡವು ಕೊಂಚ ಓರೆಯಾದರೂ ತಾನೇ ಹೊಂದಿಕೊಂಡು ತಿರುಗುವ ಬೇರಿಂಗನ್ನು ರಚಿಸಿದನು. ಅದೇ ವರ್ಷ ಎಸ್.ಕೆ.ಎಫ್. ಸಂಸ್ಥೆಯು ಹುಟ್ಟಿತು. 1927ರಲ್ಲಿ ಆ ಸಂಸ್ಥೆಯ ಆಶ್ರಯದಲ್ಲಿ ತಯಾರಾದ ಮೊದಲ ಕಾರಿಗೆ ಇಟ್ಟ ವೋಲ್ವೊ ಎಂಬ ಹೆಸರು ಲ್ಯಾಟಿನ್ ಭಾಷೆಯಲ್ಲಿ ‘ಉರುಳುತ್ತೇನೆ’ ಎಂಬರ್ಥದ ಕ್ರಿಯಾಪದ. ವ್ಯಾಕರಣದ ಮೇಷ್ಟ್ರಿಗೆ ಇಂತಹುದು ಸಿಕ್ಕರೆ ಹೇಳದೆ ಬಿಡಲಾಗುವುದಿಲ್ಲ, ವಾಚಕರು ಕ್ಷಮಿಸಬೇಕು.

ಲೇತಿನ ಯಜಮಾನರು ನಕಲಿನ ಕುಳಿಯನ್ನು ಸೀಮೆಎಣ್ಣೆಯಲ್ಲಿ ತೊಳೆದು, ಒಳವ್ಯಾಸವನ್ನು ಅಳೆಯುವ ಗೇಜನ್ನು ಅದರೊಳಕ್ಕೆ ಇಳಿಬಿಟ್ಟು, ನಾಲ್ಕು ದಿಕ್ಕುಗಳಲ್ಲಿ ಅಳೆದರು. ನಮ್ಮ ಬೇರಿಂಗಿನ ಹೊರಬಳೆಯ ವ್ಯಾಸ 72 ಮಿಲಿಮೀಟರು. ಅದನ್ನು ಕಚ್ಚಿ ಹಿಡಿಯಬೇಕಾದರೆ ಕುಳಿಯು ಅದಕ್ಕಿಂತ 0.03ರಿಂದ 0.06 ಮಿಲಿಮೀಟರಿನಷ್ಟು ಸಣ್ಣದಾಗಿರಬೇಕು. ಪ್ರೆಸ್ಸಿನಲ್ಲಿ ಒತ್ತಿದ ಹೊರತು ಬೇರಿಂಗು ಒಳಕ್ಕೆ ಇಳಿಯಬಾರದು. ನಮ್ಮ ಕುಳಿಯು ಒಂದು ದಿಕ್ಕಿನಲ್ಲಿ 72.03, ಅದಕ್ಕೆ ಅಡ್ಡಲಾಗಿ 72.09 ಮಿಲಿಮೀಟರು ಇದ್ದಿತು. ಅಂದರೆ ಸಡಿಲವೂ ಆಗಿತ್ತು, ಮೊಟ್ಟೆಯಂತೆ ನೀಳವೂ ಆಗಿತ್ತು. ಮನುಷ್ಯನ ಒಂದು ತಲೆಗೂದಲಿನ ದಪ್ಪದಷ್ಟು ವ್ಯತ್ಯಾಸ; ಕಣ್ಣಿಗೆ ಕಾಣದು, ಬೆರಳಿಗೆ ಸಿಕ್ಕದು.

ಕುಳಿಯು ಹೀಗಾದುದೇಕೆ? ಮೂರು ತಿಂಗಳು ಗುಂಯ್ಗುಟ್ಟಿದ ಆ ಮೊದಲನೆಯ ಬೇರಿಂಗಿನ ಗುಂಡುಗಳೂ ದಾರಿಯೂ ಒರಟಾಗಿ, ಗಾಲಿಯೊಡನೆ ಹೊರಬಳೆಯನ್ನೂ ಎಳೆದು ಎಳೆದು ಕೊನೆಗೆ ಅದನ್ನು ಕುಳಿಯೊಳಗೆ ಜರುಗಿಸಿದುವು. ತಿರುಗಕೂಡದುದು ತಿರುಗಿತು, ಕುಳಿಯ ಗೋಡೆಯು ಸವೆಯಿತು. ಆ ಕಾವಿಯ ಪುಡಿಯು ಹೀಗೆ ಉಜ್ಜಿ ಉದುರಿದ ಕಬ್ಬಿಣದ ತುಕ್ಕು. ಇನ್ನು ಅದರೊಳಗೆ ಕೂತ ಹೊಸ ಬೇರಿಂಗಿನ ಗತಿಯನ್ನು ಕೇಳಬೇಕೆ? ಹೊರಬಳೆಯು ತೆಳ್ಳಗಿನದು, ಸುತ್ತಲೂ ಗಟ್ಟಿಯಾದ ಗೋಡೆಯ ಆಸರೆಯಿದ್ದರೆ ಮಾತ್ರ ಅದು ದುಂಡಗೆ ನಿಲ್ಲುವುದು. ಆಸರೆಯು ಎರಡು ಕಡೆ ತಪ್ಪಿದರೆ ಬಳೆಯು ಬಾಗುವುದು. ಹತ್ತು ಹನ್ನೆರಡು ಗುಂಡುಗಳು ಹಂಚಿಕೊಳ್ಳಬೇಕಾದ ಭಾರವು ಎರಡು ಮೂರರ ತಲೆಗೆ ಬರುವುದು. ಗುಂಡಿನ ಬೇರಿಂಗುಗಳ ಆಯುಸ್ಸನ್ನು ಕುರಿತು ಸ್ವೀಡನ್ನಿನ ಲುಂಡ್‌ಬರ್ಗ್ ಮತ್ತು ಪಾಮ್‌ಗ್ರೆನ್ ಎಂಬವರು 1947ರಲ್ಲಿ ಪ್ರಕಟಿಸಿದ ಸಿದ್ಧಾಂತದಂತೆ, ಭಾರವು ಇಮ್ಮಡಿಯಾದರೆ ಆಯುಸ್ಸು ಎಂಟರಲ್ಲಿ ಒಂದು ಪಾಲಿಗೆ ಇಳಿಯುವುದು. ಒಂದೊಂದು ಸಲ ಕಳಚಿ ಹಾಕಿದಾಗಲೂ ಕುಳಿಯು ಇನ್ನಷ್ಟು ಸವೆಯುತ್ತಿದ್ದುದರಿಂದ 8,000, 4,000, 1,500 ಎಂದು ಅಂಕಿಗಳು ಇಳಿಯುತ್ತ ಹೋದುವು.

ಕುಳಿಯ ಗೋಡೆಯಲ್ಲಿ ಸುತ್ತಲೂ ಚುಕ್ಕಿಗಳಂತಹ ಗುರುತುಗಳಿದ್ದುವು. ಅವು ಏನೆಂದು ಕೇಳಿದಾಗ ಶಿಷ್ಯನು ಒಪ್ಪಿಕೊಂಡನು. ಮೂರನೆಯ ಬೇರಿಂಗು ಕೈಯಲ್ಲಿ ತಳ್ಳಿದರೇ ಒಳಕ್ಕೆ ಹೋಗುತ್ತಿತ್ತಂತೆ. ಬಿಗಿಯಾಗಲೆಂದು ಉಳಿಯ ಮೊನೆಯಿಂದ ಗೋಡೆಗೆ ಚುಚ್ಚಿ ಚುಚ್ಚಿ ಲೋಹವನ್ನು ಅಲ್ಲಲ್ಲಿ ಉಬ್ಬಿಸಿದನಂತೆ. ಹೀಗೆ ಮಾಡಿದರೆ ಬಳೆಯು ಗೋಡೆಗೆ ಒರಗದೆ ಮುಳ್ಳುಗಳ ಮೇಲೆ ನಿಂತಂತಾಗುವುದು; ನಾಲ್ಕು ದಿನಕ್ಕೆ ಆ ಉಬ್ಬುಗಳು ಚಪ್ಪಟೆಯಾಗುವುವು. “ತಪ್ಪೆಂದು ಗೊತ್ತಿತ್ತು. ನಕಲ್ ಬದಲಿಸಬೇಕೆಂದು ಮೊದಲೇ ಹೇಳಿದ್ದೆ. ನೀವು ಅಸಲು ಬೇರಿಂಗು ತಂದು ಮಾತಿಲ್ಲದೆ ಹಾಕು ಅಂದಿರಿ” ಎಂದನು. ಅದಕ್ಕೆ ನಾನು ಕೊಡಬಹುದಾದ ಉತ್ತರವಿರಲಿಲ್ಲ. ಹೇಳಬೇಕಾದುದನ್ನು ಹೇಳದೆ ಚುಚ್ಚಿ ಕೂರಿಸಿದ್ದು ಅವನ ತಪ್ಪು, ಸಣ್ಣದಲ್ಲ. ಆದರೆ ಹೇಳಿದ್ದನ್ನು ಕೇಳದವನ ತಪ್ಪಿನ ಮುಂದೆ ಅದು ಎರಡನೆಯದು.

ಗೇಜಿನ ಸಹಾಯವಿಲ್ಲದೆಯೂ ನಾನು ಈ ನಿರ್ಣಯದ ಸಮೀಪಕ್ಕೆ ಬರಬಹುದಾಗಿತ್ತೆಂಬುದು ನನಗೆ ಹೆಚ್ಚಿನ ವ್ಯಸನ. ಕಾರಣವಿದ್ದಲ್ಲಿ ಕಾರ್ಯವಿರಬೇಕು, ಕಾರಣವಿಲ್ಲದಲ್ಲಿ ಕಾರ್ಯವಿರಬಾರದೆಂಬ ಅನ್ವಯವ್ಯತಿರೇಕಗಳನ್ನು ಹೊಗೆ ಬೆಂಕಿಗಳ ಉದಾಹರಣೆಯಿಂದ ಪ್ರತಿವರ್ಷವೂ ವಿವರಿಸಿದವನು ನಾನು. ನಮ್ಮ ಕಾರಿನ ಬಲಗಡೆಯ ಮುಂದಿನ ಬೇರಿಂಗು ಹುಟ್ಟಿನಿಂದ ಇದ್ದುದೇ, ಒಂದು ಸದ್ದೂ ಇಲ್ಲದೆ ತಿರುಗುತ್ತಿತ್ತು. ಅದೇ ಮಳೆ, ಅದೇ ಗುಂಡಿ, ಅದೇ ವೇಗ, ಅದೇ ಭಾರ. ಮಳೆಯೇ ಕಾರಣವಾಗಿದ್ದರೆ ಅದು ಎಡಬಲಗಳ ಭೇದವನ್ನು ಇಷ್ಟು ನಿಷ್ಠೆಯಿಂದ ಪಾಲಿಸುತ್ತಿತ್ತೆ? ಹುಸಿಮಾಲು ಕಾರಣವೆಂದರೆ, ಬೇರೆ ತಯಾರಿಕೆಯದು ಇನ್ನೂ ಬೇಗ ಕೆಟ್ಟಿತು. ಬದಲಾದುವೆಲ್ಲ ಬೇರಿಂಗುಗಳು; ಬದಲಾಗದೆ ಎಡಗಡೆಯಲ್ಲಿಯೇ ಉಳಿದುದು ಯಾವುದೆಂದು ಒಂದು ಸಲ ಕೇಳಿಕೊಂಡಿದ್ದರೆ ಸಾಕಾಗಿತ್ತು.

ಎಲ್ಲರ ಮನೆಯ ಕಾರಿನಲ್ಲಿಯೂ ಕುಳಿಯೇ ಅಪರಾಧಿಯೆಂದು ಹೇಳಲು ಬಾರದು. ಆ ವೃದ್ಧರಿಂದ ಕೇಳಿದುದನ್ನೂ ಆಮೇಲೆ ಓದಿದುದನ್ನೂ ಸೇರಿಸಿ, ಗೃಹಸ್ಥರು ತಿಳಿದಿರಬೇಕಾದುದನ್ನು ಹೇಳುತ್ತೇನೆ. ಸದ್ದು ಕೇಳಿದಾಗ ಮೊದಲು ಟೈರುಗಳನ್ನು ಮುಂದಿನದು ಹಿಂದಕ್ಕೆ, ಹಿಂದಿನದು ಮುಂದಕ್ಕೆ ಹಾಕಿಸಿ ನೋಡಬೇಕು. ಸದ್ದೂ ಟೈರಿನೊಡನೆ ಸ್ಥಾನ ಬದಲಿಸಿದರೆ ಬೇರಿಂಗು ನಿರ್ದೋಷಿ. ವೈದ್ಯರು ಉಪಶಯವೆಂದು ಕರೆಯುವ ಪರೀಕ್ಷೆಯೆಂದರೆ ಇದೇ. ಅನಂತರ ಮೆಕ್ಯಾನಿಕ್ಕಿನಿಂದ ಗಾಲಿಯನ್ನು ಜಾಕಿಯಿಂದ ಎತ್ತಿಸಿ, ಭದ್ರವಾದ ಆಧಾರವನ್ನು ಕೊಡಿಸಿ, ಗಾಲಿಯ ಮೇಲ್ತುದಿಯನ್ನೂ ಕೆಳತುದಿಯನ್ನೂ ಹಿಡಿದು ಅಲುಗಿಸಿ ನೋಡಬೇಕು. ಅಲುಗಾಟವಿದ್ದರೆ ಒಬ್ಬರು ಬ್ರೇಕನ್ನು ತುಳಿದಿರುವಾಗ ಮತ್ತೊಮ್ಮೆ ಅಲುಗಿಸಬೇಕು. ಆಗ ಅಲುಗಾಟವು ನಿಂತರೆ ದೋಷವು ಬೇರಿಂಗಿನ ಕಡೆಯದು. ನಿಲ್ಲದಿದ್ದರೆ ಬಾಲ್ ಜಾಯಿಂಟು ಮುಂತಾದ ಬೇರೆ ಕೀಲುಗಳದು. ಕೆಟ್ಟುದು ಒಂದು, ಬದಲಿಸಿದ್ದು ಇನ್ನೊಂದು ಆಗುವುದು ಈ ಪರೀಕ್ಷೆಯನ್ನು ಬಿಟ್ಟುದರಿಂದ.

ಹೊಸ ಬೇರಿಂಗು ಬೇಗ ಸಾಯುವುದಕ್ಕೆ ಅದನ್ನು ಕೂರಿಸುವ ರೀತಿಯೇ ಬಹಳ ಸಲ ಕಾರಣ. ಹೊರಬಳೆಯನ್ನು ಕುಳಿಗೆ ಒತ್ತುವಾಗ ಹೊರಬಳೆಯನ್ನೇ ಒತ್ತಬೇಕು. ಒಳಬಳೆಯನ್ನು ಒತ್ತಿದರೆ ಆ ಬಲವೆಲ್ಲ ಗುಂಡುಗಳ ಮೂಲಕ ಹಾದು ಉಕ್ಕಿನ ದಾರಿಯಲ್ಲಿ ಸಣ್ಣ ಸಣ್ಣ ತಗ್ಗುಗಳನ್ನು ಮಾಡುವುದು. ಸುತ್ತಿಗೆಯ ಪೆಟ್ಟಿನ ವಿಷಯವನ್ನು ಹೇಳಬೇಕಾಗಿಯೇ ಇಲ್ಲ. ಪೆಟ್ಟಿಲ್ಲದೆಯೂ ತಗ್ಗುಗಳಾಗಬಹುದು. ಅಮೆರಿಕದಲ್ಲಿ ಆಲ್ಮೆನ್ ಎಂಬ ಸಂಶೋಧಕನು 1937ರಲ್ಲಿ ಬರೆದಂತೆ, ಕಾರ್ಖಾನೆಯಿಂದ ದೂರದ ಊರುಗಳಿಗೆ ಸಾಗಿಸಿದ ಹೊಚ್ಚ ಹೊಸ ಕಾರುಗಳ ಗಾಲಿಯ ಬೇರಿಂಗುಗಳು ಗಿರಾಕಿಯು ಓಡಿಸುವ ಮೊದಲೇ ಕೆಟ್ಟಿರುತ್ತಿದ್ದುವು. ನಿಂತ ಗಾಲಿಯು ಪ್ರಯಾಣದುದ್ದಕ್ಕೂ ಸೂಕ್ಷ್ಮವಾಗಿ ನಡುಗಿ, ಗುಂಡುಗಳು ಕುಳಿತಲ್ಲೇ ಉಜ್ಜಿ ಗುರುತು ಮಾಡಿದ್ದುವು. ಇನ್ನೊಂದು, ಗಾಲಿಯ ನಡುವಿನ ದೊಡ್ಡ ನಟ್ಟು. ಅದರ ಬಿಗಿತವೇ ಒಳಬಳೆಯ ಎರಡು ಭಾಗಗಳನ್ನು ಸೇರಿಸಿ ಹಿಡಿಯುವುದು. ಕಾರು ತಯಾರಕರ ಪುಸ್ತಕದಲ್ಲಿ ಎಷ್ಟು ಬಿಗಿಯಬೇಕೆಂಬ ಅಂಕಿ ಇರುವುದು. ಅದನ್ನು ತೋರಿಸುವ ಟಾರ್ಕ್ ರೆಂಚಿನಿಂದಲೇ ಬಿಗಿಯಬೇಕು. ಅಂದಾಜಿನಿಂದ ಬಿಗಿದರೆ ಸಡಿಲವಾಗಿ ಆಡುವುದು, ಇಲ್ಲವೆ ಅತಿಯಾಗಿ ಬಿಸಿಯೇರುವುದು. ನಟ್ಟು ಬಿಗಿಯುವ ಮೊದಲೇ ಗಾಲಿಯನ್ನು ನೆಲಕ್ಕಿಳಿಸಿ ಕಾರನ್ನು ತಳ್ಳುವುದು ಹೊಸ ಬೇರಿಂಗನ್ನು ಕೊಲ್ಲುವ ಸುಲಭ ಮಾರ್ಗ.

ಉಳಿದವನ್ನು ಬೇಗನೆ ಹೇಳುತ್ತೇನೆ. ಅಂದಕ್ಕಾಗಿ ಅಗಲವಾದ ಗಾಲಿಗಳನ್ನು ಹೊರಕ್ಕೆ ಚಾಚುವಂತೆ ಹಾಕಿಸಿದರೆ ಸನ್ನೆಗೋಲಿನ ನ್ಯಾಯದಂತೆ ಬೇರಿಂಗಿನ ಮೇಲಿನ ಒತ್ತಡವು ಹೆಚ್ಚುವುದು. ಬ್ರೇಕು ಬಿಡದೆ ಕಚ್ಚಿಕೊಂಡಿದ್ದರೆ ಅದರ ಬಿಸಿಗೆ ಗ್ರೀಸು ಕರಗುವುದು. ನೆರೆಯ ನೀರಿನಲ್ಲಿ ನಿಂತ ಕಾರಿನಲ್ಲಿ, ಅಥವಾ ನೀರಿನ ಜೋರಾದ ಧಾರೆಯನ್ನು ನಾಭಿಗೇ ಹಿಡಿದು ತೊಳೆದ ಕಾರಿನಲ್ಲಿ, ನೀರು ರಬ್ಬರಿನ ಮುಚ್ಚಳವನ್ನು ದಾಟುವುದು. ಕಾರಿನ ಮೈಗೆ ವೆಲ್ಡಿಂಗು ಮಾಡುವಾಗ ಅರ್ಥಿನ ತಂತಿಯನ್ನು ದೂರದಲ್ಲಿ ಸಿಕ್ಕಿಸಿದರೆ ವಿದ್ಯುತ್ತು ಬೇರಿಂಗಿನ ಮೂಲಕ ಹರಿದು ಗುಂಡುಗಳನ್ನು ಸುಡುವುದುಂಟು. ಕೆಟ್ಟ ಬೇರಿಂಗನ್ನು ಮೆಕ್ಯಾನಿಕ್ಕಿನಿಂದ ಕೇಳಿ ತೆಗೆದುಕೊಳ್ಳಿರಿ. ಇವುಗಳಲ್ಲಿ ಯಾವುದಾಯಿತೆಂಬುದು ಬಹುಮಟ್ಟಿಗೆ ಅದರ ಮೈಮೇಲೆಯೇ ಬರೆದಿರುವುದು.

ನಮ್ಮ ಕುಳಿಯನ್ನು ದೊಡ್ಡದು ಮಾಡಿ ಒಳಗೊಂದು ಲೋಹದ ಬುಷ್ಷನ್ನು ಕೂರಿಸಬಹುದೇ ಎಂದು ಕೇಳಿದೆನು. “ಕೂರಿಸಿಕೊಡಬಲ್ಲೆ. ಆದರೆ ನನ್ನ ಮೊಮ್ಮಕ್ಕಳು ಕೂರುವ ಗಾಡಿಯಾದರೆ ಕೂರಿಸುವುದಿಲ್ಲ” ಎಂದರು. ಮರುಮಾತಾಡದೆ ಹೊಸ ನಕಲನ್ನೇ ತರಿಸಿದೆವು. ಬೇರಿಂಗುಗಳಿಗೂ ಕೂಲಿಗೂ ಅದುವರೆಗೆ ತೆತ್ತಿದ್ದ ಹಣವು ಅದರ ಬೆಲೆಗಿಂತ ಹೆಚ್ಚಾಗಿತ್ತು. ಬೇರಿಂಗನ್ನು ಪ್ರೆಸ್ಸಿನಲ್ಲಿ ನನ್ನ ಕಣ್ಣೆದುರೇ ಒತ್ತಿದರು. ಅದು ನರಳುತ್ತ ನಿಧಾನವಾಗಿ ಇಳಿದುದನ್ನು ಕಂಡು ನನಗೆ ಸಮಾಧಾನವಾಯಿತು. ನಟ್ಟನ್ನೂ ಹೊಸದಾಗಿ ಹಾಕಿ, ಶಿಷ್ಯನು ಅಂಕಿಯನ್ನು ನೋಡಿಯೇ ಬಿಗಿದನು. ಈ ಲೇಖನವನ್ನು ಬರೆಯುವ ಹೊತ್ತಿಗೆ ಕಾರು ಆ ಬೇರಿಂಗಿನ ಮೇಲೆ 19,000 ಕಿಲೋಮೀಟರು ಓಡಿದೆ. ಸೊಸೆಯು ಬೀಗದ ಕೈಯನ್ನು ನನ್ನ ಮೇಜಿನಿಂದ ಹಿಂದಕ್ಕೆ ತೆಗೆದುಕೊಂಡುದು, ನಾನು ಅವಳ ಪಕ್ಕದಲ್ಲಿ ಕುಳಿತು ಎರಡು ದಿನ ಶಾಲೆಯವರೆಗೆ ಹೋಗಿ ಬಂದ ಮೇಲೆ.

ಬಿಡಿಭಾಗದ ಅಂಗಡಿಗೆ ಹೋಗಿ, ಸಾಧ್ಯವಾದಷ್ಟು ಗಿರಾಕಿಗಳಿರುವ ಸಮಯವನ್ನು ನೋಡಿಕೊಂಡು, ತಪ್ಪಾಯಿತೆಂದು ಗಟ್ಟಿಯಾಗಿ ಹೇಳಿದೆನು. ಅಂಗಡಿಯವರು ಕಾಫಿ ತರಿಸಿದರು. ಆದರೆ ಹಿಂದಿನಂತೆ ನಗಲಿಲ್ಲ. ಇನ್ನೂ ಸ್ವಲ್ಪ ಕಾಲ ಬೇಕಾಗಬಹುದು. ಡಬ್ಬಿಯಲ್ಲಿದ್ದ ನಾಲ್ಕು ಬೇರಿಂಗುಗಳನ್ನು ಮೊಮ್ಮಗನು ಬೇಡಿ ತೆಗೆದುಕೊಂಡು, ಹಲಗೆಯೊಂದಕ್ಕೆ ಗಾಲಿಗಳಾಗಿ ಸಿಕ್ಕಿಸಿ, ಗಾಡಿ ಮಾಡಿಕೊಂಡಿದ್ದಾನೆ. ಸಂಜೆಯ ಹೊತ್ತು ಅಂಗಳದಿಂದ ಗೇಟಿನವರೆಗೆ ಅದರ ಮೇಲೆ ಕುಳಿತು ಜಾರಿಕೊಂಡು ಹೋಗುವಾಗ ಆ ಸದ್ದು ಹಿತ್ತಿಲಿನವರೆಗೂ ಕೇಳುವುದು.